ಚಿಟ್ಟೆ ಮನೆಯನ್ನು ನೋಡುವುದು ಹೇಗೆ: ದಾವಣಗೆರೆ, ಚಿತ್ರದುರ್ಗದಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಬನ್ನೇರುಘಟ್ಟದ ಚಿಟ್ಟೆ ಉದ್ಯಾನಕ್ಕೆ ಮೊದಲ ಸಲ ಹೋದಾಗ ನಾವು ಒಳಗಿದ್ದದ್ದು ಹೆಚ್ಚೆಂದರೆ ಹದಿನೈದು ನಿಮಿಷ. ದಾವಣಗೆರೆಯಿಂದ ನಸುಕಿನಲ್ಲೇ ಹೊರಟು, ಮೊದಲು ಸಫಾರಿ, ಆಮೇಲೆ ಮೃಗಾಲಯ, ನಂತರ ಊಟ ಎಂದು ಎಲ್ಲ ಮುಗಿಸಿ ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿಗೆ ಕಾಲಿಟ್ಟೆವು. ಮೋಡ ಕವಿದಿತ್ತು. ಗಿಡಗಳಿದ್ದವು, ನೀರು ಹರಿಯುವ ಸದ್ದಿತ್ತು, ಬೆವರು ಇಳಿಯುತ್ತಿತ್ತು. ತಂಗಿಯ ಮಗಳು ನನ್ನ ಕೈ ಜಗ್ಗಿ, “ಮಾಮ, ಚಿಟ್ಟೆ ಎಲ್ಲಿ?” ಎಂದು ಕೇಳಿದಳು. ಚಿಟ್ಟೆಗಳು ನಮ್ಮ ತಲೆಯ ಮೇಲೆಯೇ, ಎಲೆಗಳ ಅಡಿಯಲ್ಲಿ ರೆಕ್ಕೆ ಮುಚ್ಚಿ ಕುಳಿತಿದ್ದವು. ನೋಡುವುದು ಹೇಗೆಂದು ನನಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿಕೊಡಲೂ ಆಗಲಿಲ್ಲ.

ಆಮೇಲೆ ಮತ್ತೆ ಮತ್ತೆ ಹೋಗಿದ್ದೇನೆ. ಪ್ರತಿ ಸಲವೂ ಅದೇ ದೃಶ್ಯ: ಜನ ಒಂದು ಬಾಗಿಲಿನಿಂದ ಬರುತ್ತಾರೆ, ದಾರಿ ಹಿಡಿದು ನಡೆಯುತ್ತಾರೆ, ಒಂದೆರಡು ಸೆಲ್ಫಿ ತೆಗೆದುಕೊಂಡು ಇನ್ನೊಂದು ಬಾಗಿಲಿನಿಂದ ಹೋಗಿಬಿಡುತ್ತಾರೆ. ಒಮ್ಮೆ ಒಂದು ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, “ನಡೀರಿ, ನಡೀರಿ” ಎಂದು ಅವಸರಪಡಿಸಿ ದಾಟಿಸಿದ್ದನ್ನು ನೋಡಿ ಸಂಕಟವಾಯಿತು. ಚಿಟ್ಟೆ ಮನೆ, ಎಂದರೆ ಉದ್ಯಾನದೊಳಗೆ ಚಿಟ್ಟೆಗಳನ್ನು ಹಾರಲು ಬಿಟ್ಟಿರುವ ಸೂರಿನ ಮನೆ, ನಡೆದು ದಾಟುವ ಜಾಗವಲ್ಲ, ನಿಲ್ಲುವ ಜಾಗ. ಮುಂದೆ ಬರೆದಿರುವುದೆಲ್ಲ ಆ ನಿಲ್ಲುವಿಕೆಗೆ ಬೇಕಾದ ಸಿದ್ಧತೆ.

ಒಂದು ವಾರ ಮೊದಲು: ಅಂಗಳದ ಕರಿಬೇವಿನ ಗಿಡ

ತಯಾರಿ ಮನೆಯಲ್ಲೇ ಶುರುವಾಗಲಿ. ಕರಿಬೇವಿನ ಗಿಡವೋ ನಿಂಬೆ ಗಿಡವೋ ಇದ್ದರೆ ಬೆಳಗಿನ ಬೆಳಕಿನಲ್ಲಿ ಎಳೆಯ ಚಿಗುರನ್ನು ಹತ್ತಿರದಿಂದ ನೋಡಿ. ಸಾಸಿವೆ ಕಾಳಿನಷ್ಟು ದೊಡ್ಡ, ತಿಳಿಹಳದಿ ಬಣ್ಣದ ದುಂಡಗಿನ ಮೊಟ್ಟೆ ಸಿಗಬಹುದು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಅಂಟಿಕೊಂಡಿರುವುದು ನಿಜವಾಗಿ ಹಿಕ್ಕೆಯೇ, ಹುಳುವೇ ಎಂದು ನೋಡಿ. ಲೈಮ್ ಮತ್ತು ಕಾಮನ್ ಮಾರ್ಮನ್ ಎಂಬ ಎರಡು ಚಿಟ್ಟೆಗಳ ಮರಿಹುಳುಗಳು ಚಿಕ್ಕವಿದ್ದಾಗ ಹಾಗೆಯೇ ಕಾಣುತ್ತವೆ. ಹಕ್ಕಿಗಳು ಹಿಕ್ಕೆಯೆಂದು ತಿಳಿದು ಬಿಟ್ಟುಬಿಡಲಿ ಎಂಬುದು ಆ ವೇಷದ ಉಪಯೋಗ. ಬಲಿತ ಮೇಲೆ ಇದೇ ಹುಳು ಎಲೆಯ ಹಸಿರಿಗೆ ತಿರುಗುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲನೆ ಸವರಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬೊಂದನ್ನು ಹೊರಹಾಕಿ ಗಾಟು ವಾಸನೆ ಬಿಡುತ್ತದೆ. ಇದನ್ನು ಒಂದು ಸಲ ಕಣ್ಣಾರೆ ಕಂಡ ಮಗು ಚಿಟ್ಟೆ ಮನೆಯಲ್ಲಿ ಗಾಳಿಯನ್ನಷ್ಟೇ ನೋಡುತ್ತಾ ನಡೆಯುವುದಿಲ್ಲ, ಎಲೆಗಳನ್ನೂ ನೋಡುತ್ತದೆ.

ಗಿಡ ಇಲ್ಲದವರು ರಸ್ತೆ ಬದಿಯ ಎಕ್ಕದ ಗಿಡಕ್ಕೆ ಹೋಗಿ. ಚಳ್ಳಕೆರೆಯಿಂದ ಹರಿಹರದವರೆಗೆ ಎಕ್ಕ ಬೆಳೆಯದ ಊರಿಲ್ಲ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಅದು ಪ್ಲೈನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ಹಾಲು ಕಣ್ಣಿಗೆ ಅಪಾಯ, ಹಾಗಾಗಿ ಮಕ್ಕಳು ಎಲೆ ಮುರಿಯದಂತೆ ನೋಡಿಕೊಳ್ಳಿ.

ಎಲ್ಲಿಗೆ, ಯಾವಾಗ, ಹೇಗೆ

ನಮ್ಮ ಎರಡು ಜಿಲ್ಲೆಗಳವರಿಗೆ ಹತ್ತಿರದ, ಮೇಲೆ ಸೂರಿರುವ ಚಿಟ್ಟೆ ಮನೆಯೆಂದರೆ ಬನ್ನೇರುಘಟ್ಟ ಜೈವಿಕ ಉದ್ಯಾನದ್ದೇ. 2006ರಲ್ಲಿ ಆರಂಭವಾದ ಇದು ದೇಶದ ಮೊದಲ ಚಿಟ್ಟೆ ಉದ್ಯಾನ. ಒಟ್ಟು ಏಳೂವರೆ ಎಕರೆ, ಅದರೊಳಗೆ ಸುಮಾರು 10,000 ಚದರಡಿಯ ದುಂಡನೆಯ ಮನೆ, ಮೇಲೆ ಪಾಲಿಕಾರ್ಬೊನೇಟ್ ಛಾವಣಿ, ಒಳಗೆ ಕೃತಕ ಜಲಪಾತ. ಮೈಸೂರಿನ ಕಾರಂಜಿ ಕೆರೆಯಲ್ಲೂ ಚಿಟ್ಟೆ ಉದ್ಯಾನವಿದೆ. ಶ್ರೀರಂಗದ ಯಾತ್ರೆಗೆ ಹೋಗುವವರು ಅದರ ಹತ್ತಿರವೇ, ತಿರುಚಿರಾಪಳ್ಳಿಯ ಸೆರಗಿನಲ್ಲಿರುವ ಚಿಟ್ಟೆ ಉದ್ಯಾನಕ್ಕೂ ಅರ್ಧ ದಿನ ಇಟ್ಟುಕೊಳ್ಳಬಹುದು. ಮಗನೋ ಮಗಳೋ ದುಬೈಯಲ್ಲಿದ್ದರೆ ಅಲ್ಲಿಯೂ ದೊಡ್ಡ ಚಿಟ್ಟೆ ಮನೆ ಇದೆ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಮೂರನೆಯ ಟರ್ಮಿನಲ್‌ನೊಳಗೇ ಒಂದಿದೆ. ಎಲ್ಲಿಗೇ ಹೋದರೂ ನೋಡುವ ಕ್ರಮ ಒಂದೇ.

ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ ಎಂಬುದು ನೆನಪಿರಲಿ. ಭಾನುವಾರ, ದಸರಾ ರಜೆ, ಬೇಸಿಗೆ ರಜೆಗಳಲ್ಲಿ ನೂಕುನುಗ್ಗಲು. ಬುಧ, ಗುರುವಾರಗಳು ಒಳ್ಳೆಯವು. ಮಳೆಗಾಲ ಹಿಂದೆ ಸರಿಯುವ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಕಾಲವನ್ನು ನಾನು ಆರಿಸುತ್ತೇನೆ. ಆಗ ಮನೆಯ ಒಳಗಷ್ಟೇ ಅಲ್ಲ, ಹೊರಗಿನ ತೋಟದಲ್ಲಿಯೂ ಚಿಟ್ಟೆಗಳು ತುಂಬಿರುತ್ತವೆ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ 200. ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿಳಿದರೆ ಅಲ್ಲಿಂದ 365ರ ಸರಣಿಯ ಬಿಎಂಟಿಸಿ ಬಸ್ಸು ಸಿಗುತ್ತದೆ. ಸ್ವಂತ ಕಾರಿನವರು ತುಮಕೂರು ರಸ್ತೆಯಿಂದಲೇ ನೈಸ್ ರಸ್ತೆಗೆ ಹೊರಳಿ ಬನ್ನೇರುಘಟ್ಟ ರಸ್ತೆಯಲ್ಲಿ ಇಳಿದರೆ ನಗರದ ಸಂದಣಿ ತಪ್ಪುತ್ತದೆ. ಟಿಕೆಟ್ ಕೌಂಟರಿನಲ್ಲಿ ಚಿಟ್ಟೆ ಉದ್ಯಾನವೂ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಚಿಟ್ಟೆ ಮನೆಯನ್ನು ಮೊದಲು ನೋಡಿ, ಹುಲಿ ಸಿಂಹ ಆಮೇಲೆ. ಚಿಟ್ಟೆ ತನ್ನ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳುವ ಜೀವಿಯಲ್ಲ. ಹಾರಾಟದ ಸ್ನಾಯುಗಳು ಬೆಚ್ಚಗಾಗಬೇಕಾದರೆ ಬಿಸಿಲು ಬೇಕು. ಬೆಳಗಿನ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಅವು ಹಾರುತ್ತವೆ, ಹೂವಿಗೆ ಬರುತ್ತವೆ, ಜೋಡಿ ಹುಡುಕುತ್ತವೆ. ಮೂರು ಗಂಟೆ ದಾಟಿದ ಮೇಲೆ ಒಂದೊಂದಾಗಿ ಎಲೆಯ ಮರೆಗೆ ಸೇರುತ್ತವೆ. ಮೋಡದ ದಿನವಾದರೆ ಬೇಸರಪಡಬೇಡಿ. ಹಾರಾಟ ಕಡಿಮೆಯಾದರೂ ಕುಳಿತ ಚಿಟ್ಟೆಯನ್ನು ಮನಸ್ಸಿಗೆ ತೃಪ್ತಿಯಾಗುವಷ್ಟು ಹೊತ್ತು ನೋಡಬಹುದು.

ಬಟ್ಟೆ, ಚೀಲ, ಮೈಗೆ ಹಚ್ಚುವುದು

ನಮ್ಮ ಬಯಲುಸೀಮೆಯ ಬಿಸಿಲು ಒಣ ಬಿಸಿಲು. ಚಿಟ್ಟೆ ಮನೆಯ ಸೆಕೆ ಹಾಗಲ್ಲ, ಅದು ಮಲೆನಾಡಿನ ಮಳೆಗಾಲದ ಮಧ್ಯಾಹ್ನದಂಥದು. ಸಾಮಾನ್ಯವಾಗಿ ಇಂಥ ಮನೆಗಳಲ್ಲಿ ಉಷ್ಣತೆಯನ್ನು 25ರಿಂದ 30 ಡಿಗ್ರಿಯ ಆಸುಪಾಸಿನಲ್ಲಿಟ್ಟು, ಗಾಳಿಯಲ್ಲಿ ತೇವ ತುಂಬಿರುವಂತೆ ನೋಡಿಕೊಳ್ಳುತ್ತಾರೆ. ಗಾಳಿ ಒಣಗಿದರೆ ಕೋಶದಿಂದ (ಹುಳು ಚಿಟ್ಟೆಯಾಗಿ ಮಾರ್ಪಡುವ ಸಿಪ್ಪೆಯಿಂದ) ಹೊರಬರುವ ಚಿಟ್ಟೆಯ ರೆಕ್ಕೆ ಪೂರ್ತಿ ಬಿಡಿಸಿಕೊಳ್ಳದೆ ಮುದುಡಿ ಗಟ್ಟಿಯಾಗಿಬಿಡುತ್ತದೆ, ಆ ಚಿಟ್ಟೆ ಎಂದೂ ಹಾರುವುದಿಲ್ಲ. ನಿಮ್ಮ ಬೆವರಿಗೆ ಕಾರಣ ಇದೇ. ತೆಳುವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ಒಳಹೋಗುವ ಮೊದಲು ನೀರು ಕುಡಿಯಿರಿ. ಉಬ್ಬಸ, ರಕ್ತದೊತ್ತಡ ಇರುವ ಹಿರಿಯರು ಹತ್ತು ನಿಮಿಷಕ್ಕೊಮ್ಮೆ ಕುಳಿತುಕೊಳ್ಳಲಿ, ಉಸಿರು ಕಟ್ಟಿದಂತಾದರೆ ಹೊರಗೆ ಬಂದುಬಿಡಲಿ.

ಅತ್ತರು, ಸೆಂಟು ಬೇಡ. ಸೊಳ್ಳೆ ಓಡಿಸುವ ಮುಲಾಮು ಖಂಡಿತ ಬೇಡ. ಕೀಟಗಳನ್ನು ದೂರವಿಡಲೆಂದೇ ಮಾಡಿದ ಔಷಧಿಯನ್ನು ಕೈಗೆ ಬಳಿದುಕೊಂಡು ಕೀಟದ ಮನೆಗೆ ಹೋಗುವುದು ತರವಲ್ಲ. ಮುಡಿದ ಹೂವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಇಷ್ಟವಾಗಲಿಕ್ಕಿಲ್ಲ. ಮನೆಯಂಗಳದ ಮಲ್ಲಿಗೆಯಾದರೆ ಸರಿ. ಮಾರುಕಟ್ಟೆಯ ಸೇವಂತಿಗೆ, ಕನಕಾಂಬರಕ್ಕೆ ತೋಟದಲ್ಲಿ ಔಷಧಿ ಸಿಂಪಡಿಸಿರುವ ಸಾಧ್ಯತೆ ಹೆಚ್ಚು, ಚಿಟ್ಟೆ ಅದನ್ನು ನಿಜವಾದ ಹೂವೆಂದೇ ತಿಳಿದು ಬಂದು ಕೂರಬಹುದು. ಅಂಥ ಹೂವನ್ನು ತೆಗೆದಿಟ್ಟು ಹೋಗುವುದೇ ಮೇಲು.

ಕೆಂಪು, ಹಳದಿ, ಕಿತ್ತಳೆ ಬಣ್ಣದ ಅಂಗಿಗಳ ಬಳಿಗೆ ಚಿಟ್ಟೆ ಬರುವ ಸಾಧ್ಯತೆ ತುಸು ಹೆಚ್ಚು. ಮಕ್ಕಳಿಗೆ ಅಂಥದ್ದನ್ನೇ ತೊಡಿಸಿ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಹೊರಗೇ ಇರಲಿ.

ಎರಡು ಬಾಗಿಲು

ಸೂರಿರುವ ಚಿಟ್ಟೆ ಮನೆಗಳಿಗೆ ಸಾಮಾನ್ಯವಾಗಿ ಒಂದರ ಹಿಂದೊಂದು ಎರಡು ಬಾಗಿಲು ಅಥವಾ ಪರದೆಗಳಿರುತ್ತವೆ. ಹಿಂದಿನದು ಮುಚ್ಚಿದ ಮೇಲೆಯೇ ಮುಂದಿನದನ್ನು ತೆರೆಯಬೇಕು. ಹಿಂದೆ ಬರುವವರು ಅವಸರಪಡಿಸಿದರೂ ನೀವು ತಾಳಿ. ತಪ್ಪಿಸಿಕೊಂಡ ಚಿಟ್ಟೆಗೆ ಹೊರಗೆ ಸ್ವಾತಂತ್ರ್ಯ ಸಿಕ್ಕಿತೆಂದು ಕೆಲವರು ಸಂತೋಷಪಡುತ್ತಾರೆ. ಬೇರೆ ಹವೆಯಿಂದ ತಂದ ಚಿಟ್ಟೆಗೆ ಅಲ್ಲಿ ಬೇಕಾದ ಗಿಡವೂ ಇರುವುದಿಲ್ಲ, ತೇವವೂ ಇರುವುದಿಲ್ಲ.

ಮೊದಲ ಐದು ನಿಮಿಷ ಸುಮ್ಮನೆ ನಿಲ್ಲಿ

ಇಡೀ ಭೇಟಿಯ ಕೀಲಿಕೈ ಇಲ್ಲಿದೆ. ಒಳಹೊಕ್ಕ ಕೂಡಲೇ ದಾರಿಯ ಒಂದು ಪಕ್ಕಕ್ಕೆ ಸರಿದು, ಹೂವಿನ ಗಿಡವೊಂದರಿಂದ ಎರಡು ಮೂರು ಅಡಿ ದೂರದಲ್ಲಿ, ನಿಮ್ಮ ನೆರಳು ಗಿಡದ ಮೇಲೆ ಬೀಳದಂತೆ ನಿಂತುಕೊಳ್ಳಿ. ಚಿಟ್ಟೆಯ ಕಣ್ಣು ಸಾವಿರಾರು ಪುಟ್ಟ ಕಣ್ಣುಗಳ ಕೂಡಲಿ. ಸೂಕ್ಷ್ಮ ವಿವರಗಳು ಅದಕ್ಕೆ ನಮ್ಮಷ್ಟು ಕಾಣಿಸವು, ಅಲುಗಾಟ ಮಾತ್ರ ಥಟ್ಟನೆ ಕಾಣಿಸುತ್ತದೆ. ಕೈ ಬೀಸಿದಿರೋ, ಬೆರಳು ಚಾಚಿ ತೋರಿಸಿದಿರೋ, ಅದು ಎದ್ದಿತೆಂದೇ ಲೆಕ್ಕ. ನಿಂತವರು ಅದಕ್ಕೆ ಮರದ ಹಾಗೆ.

ಮೊದಲ ನಿಮಿಷ ಏನೂ ಕಾಣಿಸುವುದಿಲ್ಲ. ಎರಡನೆಯ ನಿಮಿಷಕ್ಕೆ ಒಂದು ಎಲೆ ರೆಕ್ಕೆಯಾಗುತ್ತದೆ. ಮೂರನೆಯದಕ್ಕೆ ಅದರ ಹಿಂದೆ ಇನ್ನೆರಡು. ಮಕ್ಕಳಿಗೆ ಇದನ್ನೇ ಆಟವಾಗಿಸಿ: ಕಾಲು ಕದಲಿಸದೆ ಎಷ್ಟು ಚಿಟ್ಟೆ ಎಣಿಸುತ್ತೀರಿ ನೋಡೋಣ ಎನ್ನಿ. ನಮ್ಮ ಹುಡುಗಿ ಎರಡನೆಯ ಸಲ ಹೋದಾಗ ನಿಂತಲ್ಲೇ ಹದಿನೇಳರವರೆಗೆ ಎಣಿಸಿದಳು.

ಎಲ್ಲೆಲ್ಲಿ ಕಣ್ಣಿಡಬೇಕು

ಹೂವುಗಳ ಮೇಲೆ ಎಲ್ಲರೂ ನೋಡುತ್ತಾರೆ. ಅದರಿಂದಾಚೆಗೆ ಮೂರು ಜಾಗಗಳಿವೆ.

ಮೊದಲನೆಯದು ಹಣ್ಣಿನ ತಟ್ಟೆ. ಕೆಲವು ಚಿಟ್ಟೆಗಳಿಗೆ ಮಕರಂದಕ್ಕಿಂತ ಕಳಿತು ಹುಳಿಯಾದ ಬಾಳೆ, ಅನಾನಸ್ ಹಣ್ಣೇ ರುಚಿ. ತಟ್ಟೆಯ ಮುಂದೆ ಮಂಡಿಯೂರಿ ಕುಳಿತು ಒಂದೇ ಚಿಟ್ಟೆಯ ಮುಖವನ್ನು ನೋಡಿ. ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿದ್ದ ಹೀರುಗೊಳವೆ ಬಿಚ್ಚಿ, ನಡುವೆ ಮೊಣಕೈಯಂತೆ ಬಾಗಿ, ಹಣ್ಣಿನ ತಿರುಳಿನೊಳಗೆ ತಡಕಾಡುತ್ತದೆ. ಅದಕ್ಕೂ ಮೊದಲೇ ಅದು ರುಚಿ ನೋಡಿಯಾಗಿರುತ್ತದೆ, ಏಕೆಂದರೆ ಚಿಟ್ಟೆಗೆ ರುಚಿ ತಿಳಿಯುವುದು ಪಾದಗಳಲ್ಲಿ. ಕರಿಬೇವಿನ ಮೇಲೆ ಮೊಟ್ಟೆಯಿಡುವ ಮೊದಲು ತಾಯಿ ಚಿಟ್ಟೆ ಕಾಲಿನಿಂದ ಎಲೆಯನ್ನು ತಟ್ಟಿ ತಟ್ಟಿ ನೋಡುವುದೂ ಇದೇ ಕಾರಣಕ್ಕೆ.

ಎರಡನೆಯದು ನೀರಿನಂಚಿನ ಒದ್ದೆ ಮಣ್ಣು. ಅಲ್ಲಿ ಗುಂಪುಗೂಡಿ ಹೀರುತ್ತಿರುವವು ಬಹುಪಾಲು ಗಂಡುಗಳು. ಮಕರಂದದಲ್ಲಿ ಸಿಗದ ಉಪ್ಪಿನಂಶ ಅವಕ್ಕೆ ಮಣ್ಣಿನಿಂದ ಬೇಕು. ಕೆರೆ ಏರಿಯ ಕೆಳಗೆ, ಬೋರ್‌ವೆಲ್ ನೀರು ಚೆಲ್ಲಿದ ಕಡೆ ಹಳದಿ ಚಿಟ್ಟೆಗಳು ಸಾಲಾಗಿ ಕೂತಿರುವುದನ್ನು ಕಂಡಿದ್ದೀರಲ್ಲ, ಅದೇ ಇದು.

ಮೂರನೆಯದು ಎಲೆಗಳ ಅಡಿ ಮತ್ತು ಛಾವಣಿಯ ಅಂಚು. ಬಗ್ಗಿ ನೋಡಿ, ತಲೆಯೆತ್ತಿಯೂ ನೋಡಿ. ಹಾಗೆಯೇ ಕಾಲಡಿಯೂ. ದಾರಿಯ ಕಲ್ಲಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕುಳಿತ ಚಿಟ್ಟೆಗಳು ಚಪ್ಪಲಿಗೆ ಸಿಕ್ಕಿ ಸಾಯುತ್ತವೆ.

ಹೆಸರು ಗುರುತಿಸುವ ಆಸೆಯಿದ್ದರೆ ಕೆಲವೇ ಜಾತಿಗಳಿಂದ ಆರಂಭಿಸಿ. ನಿಧಾನವಾಗಿ, ಯಾರ ಹೆದರಿಕೆಯೂ ಇಲ್ಲದಂತೆ ಹಾರುವ ಚಿಟ್ಟೆಗಳು ಹೊಸಬರಿಗೆ ಸುಲಭ: ಪ್ಲೈನ್ ಟೈಗರ್, ಬ್ಲೂ ಟೈಗರ್, ಕಾಮನ್ ಕ್ರೋ, ಕ್ರಿಮ್ಸನ್ ರೋಸ್. ಅವುಗಳ ಆ ಧೈರ್ಯಕ್ಕೆ ಮೂಲ ಮೈಯಲ್ಲಿರುವ ವಿಷ. ಕ್ರಿಮ್ಸನ್ ರೋಸ್ ಹುಳುವಾಗಿದ್ದಾಗ ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ಬಾಯಿ ಕೆಡಿಸಿಕೊಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ನಮ್ಮ ಕರಿಬೇವಿನ ಗಿಡದ ಕಾಮನ್ ಮಾರ್ಮನ್ ಇದರ ಲಾಭ ಪಡೆಯುತ್ತದೆ. ಅದಕ್ಕೆ ವಿಷವಿಲ್ಲ, ಆದರೆ ಅದರ ಹೆಣ್ಣುಗಳಲ್ಲಿ ಕೆಲವು ಥೇಟ್ ಕ್ರಿಮ್ಸನ್ ರೋಸ್‌ನ ಹಾಗೆ, ಮತ್ತೆ ಕೆಲವು ಕಾಮನ್ ರೋಸ್‌ನ ಹಾಗೆ ರೆಕ್ಕೆ ತೊಟ್ಟಿರುತ್ತವೆ. ಗುರುತು ಹಿಡಿಯಲು ರೆಕ್ಕೆ ಬಿಟ್ಟು ಹೊಟ್ಟೆಯನ್ನು ನೋಡಿ: ಕೆಂಪಿದ್ದರೆ ಅಸಲಿ ರೋಸ್, ಕಪ್ಪಾಗಿದ್ದರೆ ವೇಷ ಹಾಕಿದ ಮಾರ್ಮನ್.

ಅದೇ ಈಶ್ವರಿ ಬಳ್ಳಿಯನ್ನು ನಂಬಿರುವ ಇನ್ನೊಂದು ಚಿಟ್ಟೆ ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್. ರೆಕ್ಕೆಯ ಹರವು 14ರಿಂದ 19 ಸೆಂ.ಮೀ., ಎಂದರೆ ಬಿಚ್ಚಿದ ಅಂಗೈಯಷ್ಟು. ಕಪ್ಪು ರೆಕ್ಕೆ, ಹಿಂದಿನ ಜೋಡಿಯಲ್ಲಿ ಬಂಗಾರದ ಹಳದಿ, ಕತ್ತಿನ ಬಳಿ ಕೆಂಪು. ನಾಡಧ್ವಜದ ಎರಡೂ ಬಣ್ಣಗಳು ಅದರ ಮೈಮೇಲಿವೆ.

ಕೋಶಗಳ ಮುಂದೆ

ಹಲವು ಚಿಟ್ಟೆ ಮನೆಗಳಲ್ಲಿ ಕೋಶಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ತೂಗುಹಾಕಿರುತ್ತಾರೆ. ರೇಷ್ಮೆ ಬೆಳೆಯುವ, ಮೊಳಕಾಲ್ಮೂರು ಸೀರೆ ನೇಯುವ ನಾಡಿನವರಾದ ನಮಗೆ ಗೂಡು ಎಂದರೆ ನೂಲು ಸುತ್ತಿದ ಗೂಡು. ಅದು ಪತಂಗದ್ದು. ಚಿಟ್ಟೆಯ ಕೋಶದ ಸುತ್ತ ನೂಲಿನ ಗೂಡಿರುವುದಿಲ್ಲ, ಗಟ್ಟಿಯಾದ ಸಿಪ್ಪೆಯೇ ಅದರ ಮನೆ. ಪತಂಗದ ಮೀಸೆ ಗರಿಯಂತೆಯೋ ದಾರದಂತೆಯೋ ಇರುತ್ತದೆ, ಚಿಟ್ಟೆಯದಕ್ಕೆ ತುದಿಯಲ್ಲಿ ಬೆಂಕಿಕಡ್ಡಿಯಂಥ ಗುಂಡು.

ಸಾಲಿನಲ್ಲಿ ಬಣ್ಣ ಗಾಢವಾಗಿ, ಸಿಪ್ಪೆಯೊಳಗಿನಿಂದ ರೆಕ್ಕೆಯ ಚಿತ್ತಾರ ಕಾಣುತ್ತಿರುವ ಕೋಶವನ್ನು ಹುಡುಕಿ. ಅದು ಆ ದಿನವೋ ಮರುದಿನವೋ ಒಡೆಯುತ್ತದೆ, ಹೆಚ್ಚಾಗಿ ಬೆಳಗಿನ ಹೊತ್ತು. ನಮ್ಮ ಮನೆಯ ಕುಂಡದಲ್ಲಿ ಇದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ಕೋಶದ ಮೇಲ್ಭಾಗ ಸದ್ದಿಲ್ಲದೆ ಸೀಳಿತು. ಮೊದಲು ಕಾಲುಗಳು, ಆಮೇಲೆ ಒದ್ದೆ ತಲೆ. ಪೂರ್ತಿ ಹೊರಬಂದಾಗ ರೆಕ್ಕೆ ಹಿಂಡಿದ ಬಟ್ಟೆಯಂತೆ ಮುದ್ದೆಯಾಗಿತ್ತು, ಹೊಟ್ಟೆ ಉಬ್ಬಿತ್ತು. ಖಾಲಿ ಸಿಪ್ಪೆಗೇ ಜೋತುಬಿದ್ದು ಹೊಟ್ಟೆಯ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತತೊಡಗಿತು. ಕಣ್ಣೆದುರಲ್ಲೇ ಮಡಿಕೆಗಳು ಬಿಚ್ಚಿ, ಕಾಲು ಗಂಟೆಯಲ್ಲಿ ರೆಕ್ಕೆ ತುಂಬು ಆಕಾರಕ್ಕೆ ಬಂತು. ಈ ನಡುವೆ ಅದು ಹೀರುಗೊಳವೆಯನ್ನು ಸುತ್ತುತ್ತಾ ಬಿಚ್ಚುತ್ತಾ ಇತ್ತು. ಹುಟ್ಟುವಾಗ ಆ ಗೊಳವೆ ಎರಡು ಸೀಳು, ಹಾಗೆ ಮಾಡಿ ಮಾಡಿಯೇ ಅದನ್ನು ಒಂದಾಗಿ ಬೆಸೆದುಕೊಳ್ಳಬೇಕು. ಕೊನೆಗೆ ಒಂದು ಹನಿ ಬಣ್ಣದ ನೀರು ಕೆಳಗೆ ಬಿತ್ತು. ಅದು ಗಾಯವಲ್ಲ, ಕೋಶದೊಳಗಿನ ದಿನಗಳಲ್ಲಿ ಉಳಿದ ಕಸ. ಚಿಟ್ಟೆ ಮನೆಯ ಪೆಟ್ಟಿಗೆಯ ತಳದಲ್ಲಿ ಕೆಂಪು ಕಲೆ ಕಂಡು ಮಕ್ಕಳು ಗಾಬರಿಯಾದರೆ ಇದನ್ನು ಹೇಳಿ.

ಅಂಥ ಕೋಶ ಕಂಡರೆ ಉಳಿದದ್ದೆಲ್ಲ ಬಿಟ್ಟು ಅಲ್ಲೇ ನಿಲ್ಲಿ. ಗಾಜನ್ನು ಬಡಿಯಬೇಡಿ.

ಮೈಮೇಲೆ ಕೂತರೆ

ಕೂರಲಿ. ಬೆವರಿನ ಉಪ್ಪಿಗೆ ಬಂದಿರುತ್ತದೆ, ಸಾಕಾದಾಗ ಎದ್ದು ಹೋಗುತ್ತದೆ. ರೆಕ್ಕೆ ಹಿಡಿಯಬೇಡಿ. ಬೆರಳಿಗೆ ಅಂಟುವ ಬಣ್ಣದ ಪುಡಿ ಹಂಚಿನಂತೆ ಜೋಡಿಸಿದ ಹುರುಪೆಗಳು, ಉದುರಿದರೆ ಮತ್ತೆ ಬೆಳೆಯುವುದಿಲ್ಲ. ಅನೇಕ ಚಿಟ್ಟೆಗಳ ಹಾರುವ ಬದುಕೇ ಎರಡು ಮೂರು ವಾರ. ರೆಕ್ಕೆ ಹರಿದ, ಬಣ್ಣ ಮಾಸಿದ ಚಿಟ್ಟೆಗಳು ಕಂಡರೆ ಅವು ಆ ಬದುಕಿನ ಕೊನೆಯ ದಿನಗಳಲ್ಲಿವೆ ಎಂದು ತಿಳಿಯಿರಿ. ನೆಲಕ್ಕೆ ಬಿದ್ದದ್ದನ್ನು ನೀವೇ ಎತ್ತದೆ ಸಿಬ್ಬಂದಿಗೆ ತೋರಿಸಿ.

ಫೋಟೊ

ಎಸಿ ಬಸ್ಸು, ಕಾರಿನಿಂದ ನೇರವಾಗಿ ಒಳಹೋದರೆ ತಣ್ಣನೆಯ ಲೆನ್ಸಿನ ಮೇಲೆ ತೇವ ಕಟ್ಟುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು ಕಾಲು ಗಂಟೆ ಬಿಡಿ. ಮೇಲೆ ಹೇಳಿದ ಐದು ನಿಮಿಷವೂ ಅದರಲ್ಲೇ ಕಳೆಯುತ್ತದೆ. ಫ್ಲ್ಯಾಶ್ ಬೇಡ. ರೆಕ್ಕೆ ಮುಚ್ಚಿ ಕುಳಿತ ಚಿಟ್ಟೆಗೆ ಪಕ್ಕದಿಂದ, ರೆಕ್ಕೆಗೆ ಸಮಾನಾಂತರವಾಗಿ ಮೊಬೈಲ್ ಹಿಡಿದು ಕಣ್ಣಿನ ಮೇಲೆ ಫೋಕಸ್ ಮಾಡಿ. ಹತ್ತಿರ ನುಗ್ಗುವ ಬದಲು ಎರಡು ಪಟ್ಟು ಜೂಮ್ ಮಾಡಿದರೆ ಚಿಟ್ಟೆ ಏಳುವುದಿಲ್ಲ. ಹಾರುವ ಚಿಟ್ಟೆಯ ಹಿಂದೆ ಓಡುವುದು ವ್ಯರ್ಥ. ಅದು ಮತ್ತೆ ಅದೇ ಹೂವಿಗೆ ಬರುವುದುಂಟು.

ಹೊರಬರುವಾಗ

ಬಾಗಿಲ ಬಳಿ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಿ: ಸೆರಗು, ಜಡೆ, ಟೋಪಿ, ಚೀಲದ ಹಿಂಬದಿ. ಬನ್ನೇರುಘಟ್ಟದಲ್ಲಿ ಇದಾದ ಮೇಲೆ ವಸ್ತುಸಂಗ್ರಹಾಲಯವಿದೆ, ಜೋಪಾನವಾಗಿ ಕಾದಿಟ್ಟ ಚಿಟ್ಟೆಗಳಿವೆ. ಜೀವಂತ ಚಿಟ್ಟೆಯಲ್ಲಿ ಗುರುತು ಸಿಗದೆ ಹೋದದ್ದನ್ನು ಅಲ್ಲಿ ಹೋಲಿಸಿ ನೋಡಿ.

ಊರಿಗೆ ಬಂದ ಮೇಲೆ

ಚಿತ್ರದುರ್ಗದವರಿಗೆ ಜೋಗಿಮಟ್ಟಿ, ಚಂದ್ರವಳ್ಳಿ ಇವೆ. ದಾವಣಗೆರೆಯವರಿಗೆ ಕುಂದುವಾಡ ಕೆರೆಯ ದಂಡೆಯಿದೆ. ಮಳೆ ನಿಂತ ಮರುವಾರ ಬೆಳಗ್ಗೆ ಹೋಗಿ, ಚಿಟ್ಟೆ ಮನೆಯಲ್ಲಿ ನಿಂತ ಹಾಗೆಯೇ ನಿಂತುಕೊಳ್ಳಿ. ಮನೆಯ ಕರಿಬೇವಿಗೆ ಇನ್ನು ಮುಂದೆ ಔಷಧಿ ಹೊಡೆಯಬೇಡಿ. ಎರಡು ರೆಂಬೆಗಳನ್ನು ಹುಳುಗಳಿಗೆಂದು ಬಿಟ್ಟು, ಒಗ್ಗರಣೆಗೆ ಉಳಿದವುಗಳಿಂದ ಕಿತ್ತುಕೊಳ್ಳಿ. ಹುಳು ಹೆಬ್ಬೆರಳಿನ ಅರ್ಧದಷ್ಟು ದಪ್ಪವಾಗಿ ತಿನ್ನುವುದನ್ನು ನಿಲ್ಲಿಸಿ ಗಿಡದಿಂದ ಇಳಿದು ಅಲೆದಾಡಿದರೆ ತಡೆಯಬೇಡಿ, ಕೋಶವಾಗಲು ಜಾಗ ಹುಡುಕುತ್ತಿರುತ್ತದೆ. ಅದು ಎಲ್ಲಿ ನಿಂತಿತೆಂದು ನೋಡಿಕೊಂಡು, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಬೇಕು. ಕೋಶದೊಳಗೆ ರೆಕ್ಕೆಯ ಬಣ್ಣ ಕಾಣಿಸಿದ ಮರುದಿನ ಬೆಳಗ್ಗೆ ಮಕ್ಕಳನ್ನು ಬೇಗ ಎಬ್ಬಿಸಿ.